ಮದುವೆಯಲ್ಲಿ ದಾನದ ಪಾಲು ಮೊದಲೇ ತೆಗೆದಿಡಿ

ಮದುವೆಯಲ್ಲಿ ಊಟ ಪೋಲಾದರೆ ತಪ್ಪೆಲ್ಲ ಉಂಡವರದು ಎಂದು ಹೇಳಿಬಿಡುವುದು ಸುಲಭ. ಬೇಕಾದಷ್ಟೇ ಹಾಕಿಸಿಕೊಳ್ಳಿ ಎಂಬ ಫಲಕವನ್ನು ಊಟದ ಹಾಲ್‌ನಲ್ಲಿ ತೂಗುಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಆದರೆ ಎಷ್ಟು ಪೋಲಾಗಬೇಕು ಎಂಬುದು ಬಹುಮಟ್ಟಿಗೆ ಮುಹೂರ್ತಕ್ಕೆ ವಾರಗಳ ಮುಂಚೆಯೇ, ಎಷ್ಟು ಎಲೆ, ಎಷ್ಟು ಬಗೆ ಎಂದು ಅಡುಗೆಯವರ ಜೊತೆ ಮಾತಾದ ದಿನವೇ ನಿಶ್ಚಯವಾಗಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡವೊಂದು ದಶಕಕ್ಕೂ ಹಿಂದೆ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿ, ಇಲ್ಲಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿತ್ತು. ಇದರಲ್ಲಿ ಎರಡು ಬಗೆ. ಪಾತ್ರೆಯಲ್ಲಿ ಉಳಿದದ್ದನ್ನು ಇನ್ನೊಬ್ಬರು ಉಣ್ಣಬಹುದು; ಎಲೆಯಲ್ಲಿ ಬಿಟ್ಟದ್ದನ್ನು ಉಣ್ಣಲಾಗದು. ಹಾಗಾಗಿ 'ಮಿಕ್ಕಿದ್ದನ್ನು ಅನಾಥಾಶ್ರಮಕ್ಕೆ ಕೊಟ್ಟರಾಯಿತು' ಎಂಬ ಸಮಾಧಾನ ಅರ್ಧ ಸಮಸ್ಯೆಯನ್ನು ಮುಟ್ಟುವುದೇ ಇಲ್ಲ. ಮೊದಲು ಮಿಗದಂತೆ ನೋಡಿಕೊಂಡು, ಹಾಗೆ ಉಳಿದ ಹಣವನ್ನು ದಾನಕ್ಕೆ ಎತ್ತಿಡುವುದೇ ಸರಿಯಾದ ಕ್ರಮ. ಅದನ್ನು ಹಂತ ಹಂತವಾಗಿ ಹೀಗೆ ಮಾಡಬಹುದು.

1. ಮಾತು ಗಂಡಿನ ಕಡೆಯಿಂದ ಬರಲಿ

ನಮ್ಮಲ್ಲಿ ಇಂದಿಗೂ ಬಹಳಷ್ಟು ಮದುವೆಗಳ ಖರ್ಚು ಹೆಣ್ಣಿನ ಮನೆಯವರದು. ಸರಳವಾಗಿ ಮಾಡೋಣ ಎಂದು ಅವರೇ ಬಾಯಿಬಿಟ್ಟರೆ ಜಿಪುಣತನ ಎನಿಸೀತು, ಬೀಗರು ಮುನಿಸಿಕೊಂಡಾರು ಎಂಬ ಅಳುಕು ಅವರನ್ನು ಕಾಡುತ್ತದೆ. ಆದ್ದರಿಂದ ಮಾತುಕತೆಗೆ ಕೂತ ದಿನವೇ ಗಂಡಿನ ಕಡೆಯ ಹಿರಿಯರು ಮೊದಲು ಮಾತೆತ್ತಬೇಕು: 'ನಮ್ಮ ಕಡೆಯಿಂದ ಇಷ್ಟೇ ಜನ, ಊಟಕ್ಕೆ ಇಷ್ಟೇ ಬಗೆ ಸಾಕು, ಉಳಿದದ್ದರಲ್ಲಿ ಇಂಥ ಒಳ್ಳೆಯ ಕೆಲಸಕ್ಕೆ ಇಷ್ಟು ತೆಗೆದಿಡೋಣ.' ಆ ಮೊತ್ತ ಖರ್ಚಿನ ಪಟ್ಟಿಯಲ್ಲಿ ಛತ್ರದ ಬಾಡಿಗೆ, ಅಡುಗೆ, ಒಡವೆಗಳ ಜೊತೆಗೇ ಸೇರಲಿ. ಕೊನೆಯಲ್ಲಿ ಉಳಿದರೆ ಕೊಡೋಣ ಎಂದುಕೊಂಡವರಿಗೆ ಮದುವೆ ಮನೆಯಲ್ಲಿ ಏನೂ ಉಳಿದಿರುವುದಿಲ್ಲ. ಬದುಕಿಗೊಂದೇ ಸಲ ಆಗುವ ಮದುವೆಗೆ ಇಷ್ಟೆಲ್ಲ ಲೆಕ್ಕಾಚಾರವೇ ಎಂದು ಕೇಳುವವರುಂಟು. ಸರಳವಾಗಿ ಆದ ಮದುವೆ ಸಪ್ಪೆಯಾಗಬೇಕಿಲ್ಲ ಎಂಬುದಕ್ಕೆ ಕನ್ನಡ ನಾಡಿನಲ್ಲೇ ಮೇಲ್ಪಂಕ್ತಿಯಿದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಆಡಂಬರ ಬಿಟ್ಟ ಮದುವೆಗೆ ಘನತೆ ತಂದಿತು. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹಾಗೆ ನಡೆಯಿತು. ಇಂದಿಗೂ ಎಷ್ಟೋ ಜೋಡಿಗಳು ಅದೇ ದಾರಿ ಹಿಡಿಯುತ್ತಾರೆ.

2. ಜನರನ್ನಲ್ಲ, ಊಟಗಳನ್ನು ಎಣಿಸಿ

ಸಾವಿರ ಲಗ್ನಪತ್ರಿಕೆ ಹಂಚಿದ್ದೇವೆ, ಆದ್ದರಿಂದ ಇಷ್ಟು ಸಾವಿರ ಎಲೆ ಎಂಬ ಲೆಕ್ಕವೇ ದಾರಿ ತಪ್ಪಿಸುತ್ತದೆ. ಪತ್ರಿಕೆಯಲ್ಲಿ ಹಿಂದಿನ ಸಂಜೆಯ ಆರತಕ್ಷತೆಯೂ ಮರುದಿನದ ಮುಹೂರ್ತವೂ ಇರುತ್ತವೆ. ಕಚೇರಿಯವರು, ಸ್ನೇಹಿತರು ಸಂಜೆ ಬಂದು ಹೋಗುತ್ತಾರೆ. ನೆಂಟರು ಧಾರೆಗೆ ಬರುತ್ತಾರೆ. ಎರಡಕ್ಕೂ ನಿಲ್ಲುವವರು ಹತ್ತಿರದವರು ಮಾತ್ರ. ಹಾಗಾಗಿ ಸಂಜೆಯ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ ಎಂದು ಮೂರು ಪಟ್ಟಿ ಬೇರೆ ಬೇರೆ ಮಾಡಿ. ಹತ್ತು ದಿನ ಮುಂಚೆ ಪ್ರತಿ ಮನೆಗೂ ಫೋನ್ ಮಾಡಿ, ಯಾವ ಹೊತ್ತಿಗೆ ಎಷ್ಟು ಜನ ಬರುತ್ತೀರಿ ಎಂದು ಕೇಳಿ. ಹಾಗೆ ಕೇಳಿದರೆ ಕರೆಯದೆ ಬಿಡುವ ನೆಪ ಎಂದುಕೊಳ್ಳುವುದಿಲ್ಲವೇ ಎಂಬ ಅನುಮಾನ ಸಹಜ. 'ನಿಮಗೆ ಎಲೆ ಹಾಕಿಸಿಟ್ಟಿರಬೇಕಲ್ಲ, ಅದಕ್ಕೇ ಕೇಳಿದ್ದು' ಎಂದರೆ ಯಾರಿಗೂ ಬೇಸರವಾಗದು. ಕೇಳುವವರು ಸೋದರಮಾವನೋ ಅತ್ತೆಯೋ ಆದರೆ ಇನ್ನೂ ಒಳ್ಳೆಯದು. ಇದರಿಂದ ಉಳಿಯುವುದು ಚಿಲ್ಲರೆ ಹಣವಲ್ಲ. ಉದಾಹರಣೆಗೆ, ಎಲೆಗೆ 300 ರೂಪಾಯಿಯಂತೆ 1,000 ಎಲೆ ಹೇಳುವ ಕಡೆ ನಿಜವಾದ ಲೆಕ್ಕ 850ಕ್ಕೆ ಬಂದರೆ, ಒಂದೇ ಊಟದಲ್ಲಿ 45,000 ರೂಪಾಯಿ ಕೈಯಲ್ಲಿ ಉಳಿಯಿತು.

3. ಬಗೆ ಕಡಿಮೆ ಮಾಡಿ, ಬಡಿಸುವ ಕ್ರಮ ಬದಲಿಸಿ

ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಆ ಭಯಕ್ಕೆ ಅರ್ಥವಿದೆ, ಆದರೆ ಅಡುಗೆಮನೆಯಲ್ಲೇ ಅದಕ್ಕೆ ಉತ್ತರವೂ ಇದೆ. ಲಾಡು, ಚಿರೋಟಿಯಂಥವು ಮುಂಚೆಯೇ ತಯಾರಾಗುತ್ತವೆ, ಮಿಕ್ಕರೂ ಕೆಲವು ದಿನ ಇರುತ್ತವೆ. ಅವು ಸ್ವಲ್ಪ ಹೆಚ್ಚಾದರೆ ನಷ್ಟವಿಲ್ಲ. ಬೇಗ ಹಳಸುವುದು ಅನ್ನ, ಹುಳಿ, ಪಲ್ಯ, ಬಿಸಿಬೇಳೆಬಾತ್. ಇವನ್ನೇ ಕಂತಿನಲ್ಲಿ ಬೇಯಿಸಲು ಸಾಧ್ಯ. ಅಕ್ಕಿ ತೊಳೆದು, ತರಕಾರಿ ಹೆಚ್ಚಿ ಸಿದ್ಧವಾಗಿಟ್ಟುಕೊಂಡು, ಮೊದಲ ಪಂಕ್ತಿ ಎದ್ದಮೇಲೆ ಜನ ನೋಡಿ ಮುಂದಿನ ಕೊಪ್ಪರಿಗೆ ಒಲೆಗೇರಿಸಲಿ ಎಂದು ಅಡುಗೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಖಾತರಿ ಎಲೆಗಳ ಸಂಖ್ಯೆಯನ್ನು ಕಡಿಮೆ ಇಟ್ಟು, ಅದರ ಮೇಲೆ ಶೇ 10ರವರೆಗೆ ಅದೇ ದರದಲ್ಲಿ ಬಡಿಸಬೇಕೆಂದು ಬರೆಸಿಕೊಳ್ಳಿ. ಬಳಸದ ದಿನಸಿ ವಾಪಸಾಗುತ್ತದೆ. ಬೇಯಿಸಿದ ಅನ್ನ ವಾಪಸಾಗುವುದಿಲ್ಲ.

ಎಲೆಯಲ್ಲಿ ಉಳಿಯುವುದಕ್ಕೆ ಕಾರಣ ಬಡಿಸುವ ಅವಸರ. ಜನ ಕೂರುವ ಮುಂಚೆಯೇ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಬೋಂಡ, ಸಿಹಿ ಎಲ್ಲವೂ ಎಲೆಯ ಮೇಲಿರುತ್ತವೆ. ಸಕ್ಕರೆ ಕಾಯಿಲೆಯವರ ಮುಂದೂ ಜಹಾಂಗೀರ್, ಖಾರ ತಿನ್ನದ ಮಗುವಿನ ಮುಂದೂ ಪುಳಿಯೋಗರೆ. ಬೇಡ ಎನ್ನಲು ಅವರಿಗೆ ಅವಕಾಶವೇ ಸಿಗಲಿಲ್ಲ. ಮುಟ್ಟದ ಸಿಹಿಯ ಸಮೇತ ಎಲೆ ಮಡಚುತ್ತಾರೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿಟ್ಟು ಉಳಿದದ್ದನ್ನೆಲ್ಲ ಜನ ಕೂತಮೇಲೆ ಕೇಳಿ ಬಡಿಸಲಿ, ಮೊದಲ ಸಲ ಸಣ್ಣ ಸೌಟಿನಲ್ಲಿ ಹಾಕಿ ಮತ್ತೆ ಮತ್ತೆ ಬರಲಿ. ಇದಕ್ಕೆ ಬಡಿಸುವವರು ಹೆಚ್ಚು ಬೇಕು ಎನ್ನುವುದು ನಿಜ. ಒಂದು ಪಲ್ಯ, ಒಂದು ಸಿಹಿ, ಒಂದು ಕಲಸಿದ ಅನ್ನ ಕಡಿಮೆ ಮಾಡಿದರೆ ಅವರ ಕೂಲಿಗೆ ದಾರಿಯಾಗುತ್ತದೆ. ಜನ ನೆನಪಿಟ್ಟುಕೊಳ್ಳುವುದು ಹದವಾದ ಹೋಳಿಗೆಯನ್ನು, ಹದಿನೆಂಟು ಬಗೆಯ ಪಟ್ಟಿಯನ್ನಲ್ಲ.

4. ತಟ್ಟೆ, ನೀರು, ಅಲಂಕಾರ

ಇಲ್ಲಿ ಅರ್ಧ ಕೆಲಸವನ್ನು ಕಾನೂನೇ ಮಾಡಿದೆ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್‌ಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. ಅಲಂಕಾರದ ಥರ್ಮಾಕೋಲ್, ಆಹ್ವಾನ ಪತ್ರಿಕೆಗೆ ಮತ್ತು ಸಿಹಿ ಡಬ್ಬಿಗೆ ಸುತ್ತುವ ತೆಳು ಪ್ಲಾಸ್ಟಿಕ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಬಾಳೆಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ನಮ್ಮಲ್ಲಿ ಸಿಗುತ್ತವೆ. ಬಫೆ ಇಟ್ಟರೆ ಸ್ಟೀಲ್ ತಟ್ಟೆ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಎರವಲು ಕೊಡುತ್ತದೆ. ನಿಷೇಧದ ಪಟ್ಟಿಯಲ್ಲಿ ಇಲ್ಲದ ನೀರಿನ ಪುಟ್ಟ ಬಾಟಲಿ ಮಾತ್ರ ನಮ್ಮ ವಿವೇಕಕ್ಕೆ ಬಿಟ್ಟದ್ದು. ಪ್ರತಿ ಎಲೆಯ ಮುಂದೆ ಇಟ್ಟ ಬಾಟಲಿಯಲ್ಲಿ ಅರ್ಧ ನೀರು ಹಾಗೇ ಕಸಕ್ಕೆ ಹೋಗುತ್ತದೆ. ದೊಡ್ಡ ಕ್ಯಾನು, ಜಗ್ಗು, ಸ್ಟೀಲ್ ಲೋಟ ಸಾಕು. ಅಲಂಕಾರ ಕಡಿಮೆ ಮಾಡಿದರೆ ಹೂವಿನವರ ಹೊಟ್ಟೆಪಾಡೇನು ಎಂದು ಯಾರಾದರೂ ಕೇಳಬಹುದು. ಸೇವಂತಿಗೆ, ಚೆಂಡುಹೂವು, ಮಾವಿನ ತೋರಣ, ಬಾಳೆಕಂದು ಇವನ್ನು ಬೆಳೆಯುವವರು ನಮ್ಮ ರೈತರೇ. ಬಿಡಬೇಕಾದ್ದು ಪ್ಲಾಸ್ಟಿಕ್ ಹೂವು ಮತ್ತು ಹೂ ಚುಚ್ಚುವ ಹಸಿರು ಫೋಮ್. ಅದೂ ಪ್ಲಾಸ್ಟಿಕ್ಕೇ, ಗೊಬ್ಬರವಾಗುವುದಿಲ್ಲ. ಎಲೆ ಎತ್ತುವಾಗ ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ ಹಾಕುವಂತೆ ಛತ್ರದವರಿಗೆ ಹೇಳಿ. ಮನೆಯ ಮುಂದೆ ಚಪ್ಪರ ಹಾಕಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸುವವರು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

5. ಮಿಕ್ಕಿದ ಅಡುಗೆಗೆ ಎರಡು ಗಂಟೆ

ಇಷ್ಟಾದ ಮೇಲೂ ಒಂದಿಷ್ಟು ಮಿಗುತ್ತದೆ. ಬೇಯಿಸಿದ ಆಹಾರ ಕೋಣೆಯ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಿಕ್ಕ ಆಹಾರ ಹಂಚುವುದಕ್ಕೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ತಂದಿದೆ. ಮಧ್ಯಾಹ್ನ ಒಂದಕ್ಕೆ ಬಡಿಸಿ, ಸಂಜೆ ಆರಕ್ಕೆ ಆಶ್ರಮಕ್ಕೆ ಫೋನ್ ಮಾಡಿದರೆ ಆ ಊಟ ಕೊಡುವುದು ಉಪಕಾರವಲ್ಲ, ಅಪಾಯ. ಆದ್ದರಿಂದ ಮದುವೆಗೆ ವಾರ ಮುಂಚೆಯೇ ಹತ್ತಿರದ ಹಾಸ್ಟೆಲ್, ಆಶ್ರಮ ಅಥವಾ ರಾಬಿನ್ ಹುಡ್ ಆರ್ಮಿ, ಫೀಡಿಂಗ್ ಇಂಡಿಯಾದಂಥ ಬಳಗಗಳನ್ನು ವಿಚಾರಿಸಿ, ಆ ದಿನ ಬರಬಲ್ಲರೇ, ಎಷ್ಟು ಊಟ ಬೇಕು ಎಂದು ಕೇಳಿಟ್ಟುಕೊಳ್ಳಿ. ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿ. ಮದುವೆಯ ಮನೆಯವರಿಗೆ ಆ ಹೊತ್ತಿನಲ್ಲಿ ಪುರುಸೊತ್ತಿರದು. ಕೊನೆಯ ಪಂಕ್ತಿ ಕೂತಾಗಲೇ ಮುಚ್ಚಳವಿರುವ ಶುಚಿಯಾದ ಪಾತ್ರೆಗೆ ಬಿಸಿ ಅಡುಗೆ ತುಂಬಿಸಿ, ಯಾವ ಹೊತ್ತಿಗೆ ಬೇಯಿಸಿದ್ದೆಂದು ಬರೆದು ಕಳಿಸಲಿ. ಮೊಸರನ್ನ, ಕಾಯಿ ಹಾಕಿದ ಚಟ್ನಿ, ಬಫೆಯಲ್ಲಿ ತೆರೆದಿಟ್ಟದ್ದು ಬೇಡ.

6. ದಾನ ಯಾರಿಗೆ, ಹೇಗೆ

ಮೊದಲೇ ತೆಗೆದಿಟ್ಟ ಹಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಶುಭ ಸಂದರ್ಭಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವಿಶೇಷ ಊಟ ಕೊಡಿಸಲು ಪಿಎಂ ಪೋಷಣ್ ಯೋಜನೆಯಲ್ಲಿ ಅವಕಾಶವಿದೆ; ಊರಿನ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿದರೆ ದಾರಿ ತಿಳಿಯುತ್ತದೆ. ಮಕ್ಕಳಿಗೆ ಅವರಿಗೆಂದೇ ಮಾಡಿದ ಬಿಸಿ ಊಟ ಸಿಗುತ್ತದೆ, ಮಂಟಪದಲ್ಲಿ ಮಿಕ್ಕಿದ್ದಲ್ಲ. ಸಾಮೂಹಿಕ ವಿವಾಹಕ್ಕೆ ನೆರವಾಗುವುದು ಇನ್ನೊಂದು ದಾರಿ. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹಗಳು ಎಷ್ಟೋ ಬಡ ಕುಟುಂಬಗಳನ್ನು ಮದುವೆಯ ಸಾಲದಿಂದ ಉಳಿಸಿವೆ. ಮುಯ್ಯಿ ಬೇಡವೆನ್ನುವವರು, ಆ ಹಣವನ್ನು ಇಂಥ ಸಂಸ್ಥೆಗೆ ಕೊಡಿ ಎಂದು ಪತ್ರಿಕೆಯಲ್ಲಿ ಒಂದು ಸಾಲು ಬರೆಯಬಹುದು. ಒತ್ತಾಯ ಬೇಡ, ಮುಯ್ಯಿ ಎಷ್ಟೋ ಮನೆಗಳಲ್ಲಿ ಹಿಂದೆ ಪಡೆದದ್ದನ್ನು ತೀರಿಸುವ ರೀತಿ. ದಾನ ಕೊಟ್ಟದ್ದನ್ನು ವೇದಿಕೆಯಲ್ಲಿ ಸಾರುವುದು ಆಡಂಬರದ ಇನ್ನೊಂದು ರೂಪವಲ್ಲವೇ ಎಂಬ ಟೀಕೆ ಸರಿಯಾದದ್ದೇ. ಪಡೆಯುವ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸದಿದ್ದರೆ, ಹಣ ಬ್ಯಾಂಕ್ ಮೂಲಕ ಹೋಗಿ ರಸೀದಿ ಬಂದರೆ, ಅಷ್ಟು ಸಾಕು. ತೆರಿಗೆ ರಿಯಾಯಿತಿ ಬಯಸುವವರು ನೆನಪಿಡಬೇಕಾದದ್ದು: ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಅದು ಸಿಗುವುದಿಲ್ಲ.

ಮದುವೆಯ ಮರುವಾರ ಇನ್ನೊಂದು ಕೆಲಸ ಮಾಡಿ. ಹೊತ್ತುಹೊತ್ತಿಗೆ ಎಷ್ಟು ಎಲೆ ಬಿದ್ದವು, ಯಾವ ಅಡುಗೆ ಎಷ್ಟು ಮಿಕ್ಕಿತು, ದಾನಕ್ಕೆ ಎಷ್ಟು ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಕುಟುಂಬದಲ್ಲಿ ಮುಂದಿನ ಮದುವೆ ಮಾಡುವವರಿಗೆ ಅದನ್ನು ಕೊಟ್ಟರೆ, 'ಕಡಿಮೆ ಬಿದ್ದರೆ?' ಎಂಬ ಭಯಕ್ಕೆ ಅವರ ಕೈಯಲ್ಲಿ ನಿಮ್ಮ ಮನೆಯ ಲೆಕ್ಕವೇ ಉತ್ತರವಾಗಿರುತ್ತದೆ.