ಹದಿನಾರರಲ್ಲಿ ಒಂದು ಮೊಟ್ಟೆ

ಡಿಸೆಂಬರ್ ಬಂತು ಅಂದ್ರೆ ಮೂಡಿಗೆರೆ, ಕಳಸ ಕಡೆ ಅರೇಬಿಕಾ ಕೊಯ್ಲು ಜೋರು. ಪಲ್ಪರ್‌ನಿಂದ ಹೊರಬಿದ್ದ ಸಿಪ್ಪೆ ರಾಶಿ ಬೇಗ ಹುಳಿ ವಾಸನೆ ಹೊಡೆಯೋಕೆ ಶುರುವಾಗತ್ತೆ. ಹೀಗೆ ಹುಳಿ ಬಂದ ಹಣ್ಣು ಎಲ್ಲಿದ್ದರೂ ಹುಡುಕಿಕೊಂಡು ಬರುವ, ಎಳ್ಳುಕಾಳಿನಷ್ಟೇ ದೊಡ್ಡ ನೊಣ ಡ್ರಾಸೋಫಿಲಾ. ಮಾವು, ಸೀಬೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ದೊಡ್ಡ ಹಣ್ಣುನೊಣ ಬೇರೆ. ಇದಕ್ಕೆ ಬೇಕಾಗಿರೋದು ಕೊಳೆತ ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್.

ಬಯಾಲಜಿ ಪಿಯುಸಿಗೇ ಮುಗೀತು ಅನ್ನೋರು ಸ್ವಲ್ಪ ತಡೀರಿ. ಈ ನೊಣದ ಹೊಟ್ಟೆಯಲ್ಲಿ ನಮ್ಮ ಡೇಟಾ ಸ್ಟ್ರಕ್ಚರ್ಸ್ ಸಿಲಬಸ್ ಇದೆ!

ಹೆಣ್ಣು ನೊಣಕ್ಕೆ ಎರಡು ಅಂಡಾಶಯ. ಒಂದೊಂದರಲ್ಲೂ ಸುಮಾರು 16ರಿಂದ 20 ಕೊಳವೆಗಳು. ಪ್ರತಿ ಕೊಳವೆಯೂ ಒಂದು ಅಸೆಂಬ್ಲಿ ಲೈನ್ ಇದ್ದ ಹಾಗೆ: ತುದಿಯಲ್ಲಿ ಎರಡು ಮೂರು ಸ್ಟೆಮ್ ಸೆಲ್, ಇನ್ನೊಂದು ಕೊನೆಯಲ್ಲಿ ತಯಾರಾದ ಮೊಟ್ಟೆ. ಸ್ಟೆಮ್ ಸೆಲ್ ಒಡೆದು ಎರಡಾದಾಗ ಒಂದು ಅಲ್ಲೇ ಉಳಿಯತ್ತೆ, ಇನ್ನೊಂದು ಹೊರಡತ್ತೆ. ಹೊರಟ ಕೋಶ ನಾಲ್ಕೇ ನಾಲ್ಕು ಸಲ ವಿಭಜನೆ ಆಗತ್ತೆ: 2, 4, 8, 16. ಆದರೆ ಪೂರ್ತಿ ಬೇರೆಯಾಗಲ್ಲ. ಒಡೆದ ಎರಡು ಕೋಶಗಳ ನಡುವೆ ಪ್ರತಿ ಸಲವೂ ಉಂಗುರದಂಥ ಒಂದು ಕಿಂಡಿ ತೆರೆದೇ ಇರತ್ತೆ.

ಪೇಪರ್ ಮೇಲೆ ಬಿಡಿಸಿ ನೋಡಿ. 16 ಕೋಶ, 15 ಕಿಂಡಿ. ಎಂಟು ಕೋಶಗಳಿಗೆ ಒಂದೊಂದು ಕಿಂಡಿ, ನಾಲ್ಕಕ್ಕೆ ಎರಡೆರಡು, ಎರಡಕ್ಕೆ ಮೂರು ಮೂರು, ಕೊನೆಯ ಎರಡಕ್ಕೆ ನಾಲ್ಕು ನಾಲ್ಕು. ಥೇಟ್ ಬೈನಾಮಿಯಲ್ ಟ್ರೀ. ನಾಲ್ಕು ಕಿಂಡಿ ಇರುವ ಆ ಎರಡು ಕೋಶಗಳಲ್ಲೇ ಒಂದು ಮೊಟ್ಟೆಯಾಗೋದು, ಯಾವಾಗಲೂ. ಕೋಶಗಳ ಒಳಗೆ ಹಾದುಹೋಗುವ ಫ್ಯೂಸೋಮ್ ಎಂಬ ರಚನೆ ಮೊದಲ ವಿಭಜನೆಯಲ್ಲೇ ಒಂದು ಕೋಶಕ್ಕೆ ಹೆಚ್ಚು ಪಾಲು ಸಿಗತ್ತೆ. ಆಯ್ಕೆಯ ಬೀಜ ಅಲ್ಲೇ ಇದೆ ಅನ್ನೋದು ಬಲವಾದ ವಾದ.

ಉಳಿದ ಹದಿನೈದು ದಾದಿ ಕೋಶಗಳು. ಅವು ಮತ್ತೆ ಒಡೆಯಲ್ಲ, ಒಳಗೊಳಗೇ ಡಿಎನ್‌ಎ ನಕಲು ಮಾಡುತ್ತಾ ಊದಿಕೊಳ್ಳುತ್ತವೆ. ಆರ್‌ಎನ್‌ಎ, ಪ್ರೋಟೀನ್, ಮೈಟೋಕಾಂಡ್ರಿಯಾ ಎಲ್ಲವನ್ನೂ ಕಿಂಡಿಗಳ ಮೂಲಕ ಮೊಟ್ಟೆಗೆ ಸಾಗಿಸುತ್ತವೆ. ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ ಮೊಟ್ಟೆಯ ಮುಂಭಾಗಕ್ಕೆ ಹೋಗಿ ಕೂರತ್ತೆ. ಮರಿಯ ತಲೆ ಯಾವ ಕಡೆ ಅಂತ ಆಗಲೇ ತೀರ್ಮಾನ. ಕೊನೆಗೆ ದಾದಿಗಳು ತಮ್ಮೊಳಗಿರೋದನ್ನೆಲ್ಲ ಮೊಟ್ಟೆಗೆ ಸುರಿದು ಸಾಯುತ್ತವೆ. ಇದನ್ನು ತ್ಯಾಗ ಅನ್ನೋಕೆ ಮನಸ್ಸಾಗತ್ತೆ. ಆದರೆ ಹದಿನಾರೂ ಒಂದೇ ಕೋಶದಿಂದ ಬಂದವು, ಜೀನ್‌ಗಳೂ ಅವೇ. ಕೆಲಸ ಹಂಚಿಕೊಂಡಿವೆ ಅನ್ನೋದೇ ಹೆಚ್ಚು ಸರಿ.

ಇಷ್ಟು ಕರಾರುವಾಕ್ಕಾದ ಲೈನೂ ಊಟ ಇಲ್ಲದಿದ್ದರೆ ನಿಲ್ಲತ್ತೆ. ಯೀಸ್ಟ್ ಸಿಗದಿದ್ದರೆ ಸ್ಟೆಮ್ ಸೆಲ್‌ಗಳ ವೇಗ ಇಳಿಯತ್ತೆ. ಜೊತೆಗೆ ಎರಡು ಚೆಕ್‌ಪಾಯಿಂಟ್‌ಗಳಿವೆ: ಒಂದು ಶುರುವಿನಲ್ಲೇ, ಇನ್ನೊಂದು ಮೊಟ್ಟೆಗೆ ಹಳದಿ ತುಂಬಲು ಆರಂಭವಾಗುವ ಹೊತ್ತಿಗೆ. ಅಲ್ಲಿ ಅರ್ಧ ಬೆಳೆದ ಗುಂಪುಗಳು ಹದಿನಾರೂ ಕೋಶಗಳ ಸಮೇತ ಸಾಯುತ್ತವೆ. ದುಬಾರಿ ಹಂತ ಬರೋ ಮೊದಲೇ ಖರ್ಚು ನಿಲ್ಲಿಸೋದು! ಒಳ್ಳೆ ಊಟ ಇದ್ದಾಗ ಮತ್ತು ಇಲ್ಲದಾಗ ಇಡುವ ಮೊಟ್ಟೆಗಳ ವ್ಯತ್ಯಾಸ ಸುಮಾರು 60 ಪಟ್ಟು ಅಂತ 2001ರ ಒಂದು ಅಧ್ಯಯನ ಅಳೆದಿದೆ.

ನಮ್ಮ ರಾಜ್ಯದಲ್ಲೇ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ, ಡ್ರಾಸೋಫಿಲಾ ಸ್ಟಾಕ್ ಸೆಂಟರ್ ಇದೆ. ಅಲ್ಲಿ ನೊಣಗಳಿಗೆ ಕೊಡೋ ಊಟ ಕೇಳಿದರೆ ನಗು ಬರತ್ತೆ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, ಗಟ್ಟಿಯಾಗೋಕೆ ಅಗರ್, ಬೂಷ್ಟು ಹಿಡಿಯದ ಹಾಗೆ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ತುಪ್ಪ ಇಲ್ಲದ ಸಜ್ಜಿಗೆ. ಅಂಡಾಶಯ ಬಿಚ್ಚಿ ನೋಡುವ ಲ್ಯಾಬ್‌ಗಳಲ್ಲಿ ಒಂದೆರಡು ದಿನ ಮೊದಲು ಊಟದ ಮೇಲೆ ಯೀಸ್ಟ್ ಹಾಕುತ್ತಾರೆ. ಆಗ ಒಂದೇ ಕೊಳವೆಯಲ್ಲಿ ಸ್ಟೆಮ್ ಸೆಲ್‌ನಿಂದ ಮೊಟ್ಟೆಯವರೆಗೆ ಎಲ್ಲ ಹಂತಗಳೂ ಸಾಲಾಗಿ ಕಾಣುತ್ತವೆ.