ಸಾಕ್ಷಿ ಹೇಳುವ ಮೊದಲು

ಮಗಾ, ನೀನು ಕೀನ್ಯಾದ ಮಕ್ಕಳ ಮನೆಯಿಂದ ಬಂದು ಇವತ್ತಿಗೆ ಹದಿನೆಂಟು ದಿನ. ಮೊನ್ನೆ ಮದುವೆ ಹಾಲ್‌ನಲ್ಲಿ ಚೆಲ್ಲಿದ ಅನ್ನ ನೋಡಿ ಊಟ ಬಿಟ್ಟು ಎದ್ದುಹೋದೆಯೆಂದು ನಿನ್ನಮ್ಮ ಫೋನಿನಲ್ಲಿ ಅತ್ತಳು. "ಅಲ್ಲಿನ ಮಕ್ಕಳ ಮಾತೇ ಇಡೀ ದಿನ ಅಕ್ಕಾ, ನನ್ನ ಮಂಡಿನೋವು ಹೇಗಿದೆ ಅಂತ ಒಮ್ಮೆ ಕೇಳಿಲ್ಲ" ಅಂದಳು. ಬರುವ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳಲು ನಿನ್ನನ್ನು ಕರೆದಿದ್ದಾರೆಂದೂ ಗೊತ್ತಾಯಿತು. ಅದಕ್ಕೆ ಮೊದಲು ಈ ದೊಡ್ಡಮ್ಮನ ಮಾತು ಕೇಳು.

ನಿನಗೆ ಆಗುತ್ತಿರುವುದು ನನಗೂ ಆಗಿತ್ತು. 1998ರಲ್ಲಿ ನೈರೋಬಿಯಿಂದ ಮಂಗಳೂರಿಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಯಾರ ಮಾತೂ ನನಗೆ ರುಚಿಸಲಿಲ್ಲ. ಏಡ್ಸ್‌ಗೆ ತಂದೆತಾಯಿಯನ್ನು ಕಳೆದುಕೊಂಡು, ತಾವೂ ಎಚ್‌ಐವಿ ಹೊತ್ತು ಹುಟ್ಟಿದ ಮಕ್ಕಳ ಮಿಷನ್ ಮನೆಯಲ್ಲಿ ಎರಡು ವರ್ಷ ನರ್ಸ್ ಆಗಿದ್ದೆ. ಔಷಧಿ ಲೋಕದಲ್ಲಿ ಇರಲಿಲ್ಲ ಎಂದಲ್ಲ. ಅಮೆರಿಕ, ಯುರೋಪಿನಲ್ಲಿ ಇತ್ತು, ವರ್ಷಕ್ಕೆ 10,000 ಡಾಲರಿಗೂ ಮೇಲೆ. ನಮ್ಮ ಕೈಯಲ್ಲಿದ್ದದ್ದು ಜ್ವರದ ಸಿರಪ್, ಮೆಕ್ಕೆಜೋಳದ ಗಂಜಿ, ನಮ್ಮ ಮಡಿಲು. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅಂಥ ಮೂರು ಔಷಧಿಗಳನ್ನು ಒಟ್ಟಿಗೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡಲು ಮುಂದಾದ ಸುದ್ದಿ ಓದಿ, ಪೇಪರು ಮಡಿಲಲ್ಲಿಟ್ಟುಕೊಂಡು ಅತ್ತೆ. ನಾನು ಮಣ್ಣು ಹಾಕಿ ಬಂದಿದ್ದ ಮಕ್ಕಳಿಗೆ ಅದು ತಡವಾಗಿತ್ತು.

ದುಃಖ ನಿಜವಾದದ್ದೇ. ಆದರೆ ಆ ದುಃಖದ ಬಲದಲ್ಲಿ ನಾನೊಂದು ತಪ್ಪು ಮಾಡಿದೆ. ಬಂದ ಎರಡನೇ ಭಾನುವಾರ ಸ್ಲೈಡ್ ಪ್ರೊಜೆಕ್ಟರ್ ಇಟ್ಟು, ಆರು ವರ್ಷದ ಒಬ್ಬ ಹುಡುಗಿಯ ಮುಖವನ್ನು ಗೋಡೆಯಗಲ ಮಾಡಿ ತೋರಿಸಿದೆ. ಹೆಸರು ಹೇಳಿದೆ, ರೋಗ ಹೇಳಿದೆ, "ಇವಳಿಗೆ ಈ ಲೋಕದಲ್ಲಿ ಯಾರೂ ಇಲ್ಲ" ಅಂದೆ. ಸಭೆ ಕಣ್ಣೊರೆಸಿಕೊಂಡಿತು, ಕಾಣಿಕೆಯೂ ಚೆನ್ನಾಗಿ ಬಿತ್ತು. ಅವಳಿಗೆ ಅಜ್ಜಿ ಇದ್ದಳು, ಮಗಾ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಿದ್ದಳು. ಬಟ್ಟೆಯ ಗಂಟಿನಲ್ಲಿ ಹುರಿದ ನೆಲಗಡಲೆ ತಂದು, ಗೇಟಿನ ಬಳಿಯ ಬೆಂಚಿನಲ್ಲಿ ಮೊಮ್ಮಗಳ ಜಡೆ ಹೆಣೆದು ಹೋಗುತ್ತಿದ್ದಳು. ನಾನೇ ಅವಳಿಗೆ ಚಹಾ ಕೊಟ್ಟಿದ್ದೇನೆ. ಆದರೂ "ಯಾರೂ ಇಲ್ಲ" ಎಂದೆ, ಹಾಗಂದರೆ ಜನರ ಮನಸ್ಸು ಬೇಗ ಕರಗುತ್ತದೆಂದು ನನಗೆ ಗೊತ್ತಿತ್ತು. ಬದುಕಿದ್ದ ಅಜ್ಜಿಯನ್ನು ನಾನು ಮಂಗಳೂರಿನಲ್ಲಿ ಸಾಯಿಸಿಬಿಟ್ಟೆ. ಈಗಲೂ ರಾತ್ರಿ ಪ್ರಾರ್ಥನೆಗೆ ಕೂತರೆ ಆ ಬೆಂಚು ಕಣ್ಣೆದುರು ಬರುತ್ತದೆ.

ಯುನಿಸೆಫ್ ಲೆಕ್ಕದಲ್ಲಿ ತಂದೆತಾಯಿಯರಲ್ಲಿ ಒಬ್ಬರು ತೀರಿಕೊಂಡರೂ ಆ ಮಗು ಅನಾಥ. ನಮ್ಮಪ್ಪ ಹೋದಾಗ ನನಗೆ ಹನ್ನೆರಡು, ನಿನ್ನಮ್ಮನಿಗೆ ಎಂಟು. ಆ ಲೆಕ್ಕ ಹಿಡಿದರೆ ನಾವಿಬ್ಬರೂ ಅನಾಥರೇ. ನಮ್ಮಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದಳು. ಯಾರಾದರೂ ನಮ್ಮ ಫೋಟೊ ಹಿಡಿದು ಬೇರೆ ದೇಶದ ಆಲಯದಲ್ಲಿ "ಯಾರೂ ಇಲ್ಲದವರು" ಎಂದಿದ್ದರೆ ಅವಳ ಹೊಟ್ಟೆ ಎಷ್ಟು ಉರಿಯುತ್ತಿತ್ತು, ಯೋಚಿಸು. ಅನಾಥರನ್ನು ನೋಡಿಕೊಳ್ಳಿರೆಂಬ ಯಾಕೋಬನ ಪತ್ರಿಕೆಯ ವಚನ ನಿನಗೆ ಬಾಯಿಪಾಠ. ಅಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ. ನಾವು ಮೊದಲನೆಯವರನ್ನು ಹಿಡಿದುಕೊಂಡು ಎರಡನೆಯವರನ್ನು ಬಿಟ್ಟುಬಿಡುತ್ತೇವೆ.

ಅವರನ್ನು ಬಿಡದವರೂ ಇದ್ದರು. ಜೆಸ್ವಿತ್ ಪಾದ್ರಿ ಏಂಜೆಲೊ ಡಿ'ಅಗೊಸ್ಟಿನೊ 1992ರಲ್ಲಿ ನೈರೋಬಿಯಲ್ಲಿ ಎಚ್‌ಐವಿ ಮಕ್ಕಳಿಗೊಂದು ಮನೆ ತೆರೆದರು. ಹೆಸರು ನ್ಯುಂಬಾನಿ. ಸ್ವಾಹಿಲಿಯಲ್ಲಿ 'ಮನೆಯಲ್ಲಿ' ಎಂದರ್ಥ, ನಿನಗೆ ಗೊತ್ತಿರುವುದೇ. ಕೊನೆಗಾಲದಲ್ಲಿ ಅವರು ಹಿಡಿದ ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಿಟುಯಿ ಸೀಮೆಯಲ್ಲಿ ಒಂದು ಊರನ್ನೇ ಕಟ್ಟಲು ಹೊರಟರು. ಹೆತ್ತ ಮಕ್ಕಳನ್ನು ಏಡ್ಸ್‌ಗೆ ಕಳೆದುಕೊಂಡ ಅಜ್ಜ-ಅಜ್ಜಿಯರು, ಹೆತ್ತವರನ್ನು ಕಳೆದುಕೊಂಡ ಮಕ್ಕಳು, ಎಲ್ಲರೂ ಒಂದೇ ಸೂರಿನಡಿ. 2006ರಲ್ಲಿ ಪಾದ್ರಿ ತೀರಿಕೊಂಡರು, ಊರು ನಡೆಯಿತು. ನನ್ನ ಸ್ಲೈಡಿನಲ್ಲಿ ಇಲ್ಲವಾದ ಅಜ್ಜಿಯಂಥವರೇ ಅಲ್ಲಿ ಮನೆಯ ಯಜಮಾನಿಯರು.

ಆದ್ದರಿಂದ ಭಾನುವಾರ ಮಾತಾಡು, ಆದರೆ ಮಕ್ಕಳ ಮುಖ ಪರದೆಗೆ ಹಾಕಬೇಡ. ಪಾಲನೆ ಬೇಕಾದ ಮಗುವಿನ ಗುರುತು ಬಯಲಾಗದಂತೆ ನಮ್ಮ 2015ರ ಬಾಲನ್ಯಾಯ ಕಾಯ್ದೆ ಕಾಯುತ್ತದೆ. ಇಲ್ಲಿನ ಮಗುವಿಗೆ ಸಲ್ಲುವ ಮಾನ ಅಲ್ಲಿನ ಮಗುವಿಗೂ ಸಲ್ಲಲಿ. ಅಲ್ಲಿ ನಿಮ್ಮ ಅಡುಗೆಮನೆಯಲ್ಲಿ ಉಗಾಲಿ ಮುದ್ದೆ ತಿರುವುತ್ತಿದ್ದ ಹೆಂಗಸಿನ ಬಗ್ಗೆ ಹೇಳು. ನೀನು ಹೋಗುವ ಮೊದಲೂ ಅಲ್ಲಿದ್ದವಳು, ನೀನು ಬಂದ ಮೇಲೂ ಅಲ್ಲಿರುವವಳು ಅವಳು. ಮತ್ತೆ ಯಾವಾಗ ಬರುತ್ತೀ ಎಂದು ಮಕ್ಕಳು ಕೇಳಿದ್ದರೆ, ಹೋಗಲು ಆಗದ ದಿನದ ಆಸೆ ಕೊಡಬೇಡ. ತಿಂಗಳಿಗೊಂದು ಕಾಗದ ಬರೆ, ಬರೆಯಲು ಶುರು ಮಾಡಿದ ಮೇಲೆ ನಿಲ್ಲಿಸಬೇಡ. ನಾನು ಮೂರು ಬರೆದು ನಿಲ್ಲಿಸಿದೆ.

ಅಮ್ಮನ ಮಂಡಿಗೆ ಇವತ್ತು ರಾತ್ರಿ ಎಣ್ಣೆ ಹಚ್ಚು. ಚೆಲ್ಲಿದ ಅನ್ನದ ಮೇಲಿನ ನಿನ್ನ ಸಿಟ್ಟು ನ್ಯಾಯವಾದದ್ದು. ಅದನ್ನು ಅವಳ ಮೇಲೆ ತೀರಿಸಬೇಡ, ಅದಕ್ಕೆ ಬೇರೆ ಕೆಲಸ ಇದೆ.

ನಮ್ಮ ಸಭೆಯಲ್ಲೇ ಒಬ್ಬರು ಅಜ್ಜಿ ಇದ್ದಾರೆ. ಮಗ ಸೊಸೆ ಇಬ್ಬರೂ ಇಲ್ಲ, ಮೊಮ್ಮಕ್ಕಳಿಬ್ಬರು ಶಾಲೆಗೆ ಹೋಗುತ್ತಾರೆ. ಸಾಕಲಾರದೆ ಮಕ್ಕಳನ್ನು ಆಶ್ರಮಕ್ಕೆ ಬಿಡುವ ಮಾತು ನಡೆದಿದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದು ಅದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಇಂಥ ಮಕ್ಕಳು ಮನೆಯಲ್ಲೇ ಬೆಳೆಯಲೆಂದು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅರ್ಜಿ ತುಂಬಲು ಅಜ್ಜಿಗೆ ಬರುವುದಿಲ್ಲ, ನನ್ನ ಕಣ್ಣಿಗೂ ಸಣ್ಣ ಅಕ್ಷರ ಕಾಣುವುದಿಲ್ಲ. ಸೋಮವಾರ ಹತ್ತು ಗಂಟೆಗೆ ಬಾ, ಮೂವರೂ ಸೇರಿ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋಗೋಣ.