ಪ್ರಸ್ತಾರವೂ ಗಣಕಯಂತ್ರದ ಮೊದಲ ಪಾಠವೂ

ಜಯನಗರ, ಬನಶಂಕರಿಗಳಂತಹ ಬಡಾವಣೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಗಣಕಯಂತ್ರದ ಪ್ರೋಗ್ರಾಮು ಇಂಗ್ಲಿಷಿನ ಕಾರಣದಿಂದ ಪರಕೀಯವೆನಿಸುವುದುಂಟು. ಆದರೆ ಅದರ ಮೊದಲ ಅಭ್ಯಾಸವು ಛಂದಸ್ಸಿನ ಪಾಠದಲ್ಲಿಯೇ ಇದೆ. ಪಿಂಗಳನ ಛಂದಃಶಾಸ್ತ್ರವು ಅದನ್ನು ಸೂತ್ರರೂಪದಲ್ಲಿ ನಿರೂಪಿಸಿದೆ.

ಯಂತ್ರಕ್ಕೆ ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಿರುವಂತೆ ಛಂದಸ್ಸಿಗೆ ಗುರು, ಲಘು ಎಂಬ ಎರಡೇ ಚಿಹ್ನೆಗಳು. ಮೂರು ಅಕ್ಷರಗಳಿಂದ ೮ ಗಣಗಳಾಗುತ್ತವೆ.

ಪ್ರಸ್ತಾರ: ಮೊದಲ ಸಾಲು ಸರ್ವಗುರು. ಎಡದಿಂದ ಮೊದಲು ದೊರೆಯುವ ಗುರುವಿನ ಕೆಳಗೆ ಲಘುವನ್ನಿಡಬೇಕು. ಅದರ ಬಲಕ್ಕೆ ಮೇಲಿನಂತೆಯೇ ಬರೆದು, ಎಡಕ್ಕೆ ಗುರುಗಳನ್ನು ತುಂಬಬೇಕು. ಸರ್ವಲಘು ಬಂದೊಡನೆ ನಿಲ್ಲಬೇಕು.

ನಷ್ಟ: ೬ನೆಯ ಸಾಲು ಅಳಿಸಿಹೋಗಿದೆಯೆನ್ನೋಣ. ಸಮಸಂಖ್ಯೆಯಾದರೆ ಲಘು ಬರೆದು ಅರ್ಧಿಸಬೇಕು; ಬೆಸವಾದರೆ ಗುರು ಬರೆದು, ಒಂದನ್ನು ಕೂಡಿಸಿ ಅರ್ಧಿಸಬೇಕು. ೬ ಸಮ, ಲಘು. ೩ ಬೆಸ, ಗುರು. ೨ ಸಮ, ಲಘು. ದೊರೆತದ್ದು ಜಗಣ.

ಅಭ್ಯಾಸ:
೧. ನಾಲ್ಕು ಅಕ್ಷರಗಳ ೧೬ ಸಾಲುಗಳನ್ನು ಬರೆಯಿರಿ.
೨. ಅದರ ೧೧ನೆಯ ಸಾಲನ್ನು ನಷ್ಟಕ್ರಮದಿಂದ ಕಂಡುಹಿಡಿದು ತಾಳೆನೋಡಿರಿ.
೩. ಭಗಣವು ಎಷ್ಟನೆಯ ಸಾಲೆಂದು ಹೇಳುವ ಕ್ರಮವನ್ನು ನೀವೇ ರಚಿಸಿರಿ.

ಬಿಟ್ಟ ಹೆಜ್ಜೆಯನ್ನು ಯಂತ್ರವು ತಾನಾಗಿ ಊಹಿಸಿಕೊಳ್ಳದು. ಆದುದರಿಂದ ಕ್ರಮವನ್ನು ಮೊದಲು ಕೈಯಲ್ಲಿ, ತಾಯ್ನುಡಿಯಲ್ಲಿ ಸಾಧಿಸಿದ ವಿದ್ಯಾರ್ಥಿಗೆ ಯಂತ್ರದ ಭಾಷೆಯನ್ನು ಕಲಿಯುವುದೊಂದೇ ಉಳಿಯುವ ಕೆಲಸ.